ಈರಯ್ಯನ ಹಣೆಯ ಗಂಧ

"ನನ್ನ ಗಂಡ ಇರುವಿ ಮ್ಯಾಲೂ ಕೈ ಎತ್ತಿದವನಲ್ಲರೀ ಬಾಯೀ!" ಎನ್ನುತ್ತ ಮುನವ್ವರ್ ಬೀ ಕಟ್ಟೆಯ ಮೇಲೆ ಕುಸಿದಳು.

೧೯೭೮ರ ಶ್ರಾವಣ. ರಾಯಚೂರಿನಲ್ಲಿ ದಿಕ್ಕು ತೋಚದವರು ನಿವೃತ್ತ ಶಿಕ್ಷಕಿ ಭಾಗೀರಥಿಬಾಯಿಯವರ ಮನೆಗೇ ಬರುತ್ತಿದ್ದರು. ಅವರ ಶಾಲೆಯಲ್ಲೇ ಮಾಸ್ತರನಾಗಿದ್ದ ನಾನು ಅವರ ಬೆನ್ನಿಗೆ ಛತ್ರಿ ಹಿಡಿದು ನಡೆಯುವವನು.

ಮುನವ್ವರ್ ಬೀಯ ಗಂಡ ಖಾಸಿಂ ಸಾಬ್ ವಾದಿರಾಜರ ಬಾಡಿಗೆ ಕಾರು ಓಡಿಸುತ್ತಿದ್ದ. ಹಿಂದಿನ ದಿನ ಮಾನ್ವಿ ರಸ್ತೆಯಲ್ಲಿ ಎತ್ತು ಅಡ್ಡ ಬಂದು, ಕಾರು ಬೇವಿನ ಗಿಡಕ್ಕೆ ಮೆಲ್ಲಗೆ ತಾಗಿತ್ತು. ಬಾಗಿದ್ದು ಬಂಪರ್ ಮಾತ್ರ. ಆದರೆ ಕಾರನ್ನು ಬಾಡಿಗೆಗೆ ಹಿಡಿದು ಮುಂದಿನ ಸೀಟಿನಲ್ಲಿ ಕೂತಿದ್ದ ಈರಯ್ಯನ ಹಣೆ ಸೀಳಿ, ಆತ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ. ಹೊರಡುವಾಗ ಇಬ್ಬರೂ ಜಗಳಾಡಿದ್ದನ್ನು ಜನ ಕೇಳಿದ್ದರು. ಗಿಡ ಬರೀ ನೆಪ, ಜಾಕಿನ ಕಬ್ಬಿಣದ ಸಲಾಕೆಯಿಂದ ಖಾಸಿಂನೇ ಹೊಡೆದನೆಂದು ಫೌಜದಾರರು ಅವನನ್ನು ಹಿಡಿದು ಪೊಲೀಸ್ ಠಾಣೆಯಲ್ಲಿ ಕೂರಿಸಿದ್ದರು. ಅವನು ತುಟಿ ಬಿಚ್ಚಿರಲಿಲ್ಲ.

"ಗಾಯ ತೊಳದಾಗ ತೇಯ್ದ ಗಂಧ ಬಂತ್ರೀ," ಎಂದಳು ನಾವು ಹೋದಾಗ ಆಸ್ಪತ್ರೆಯ ನರ್ಸ್. ಬಾಯಿ ಬಗ್ಗಿ ಈರಯ್ಯನ ತೋಳಿನ ವಿಭೂತಿಯನ್ನು ನೋಡಿದರು.

ಕಾರು ವಾದಿರಾಜರ ಅಂಗಳಕ್ಕೆ ಬಂದಿತ್ತು. ಈರಯ್ಯ ಕೂತಿದ್ದ ಜಾಗದೆದುರಿನ ಡ್ಯಾಶ್‌ಬೋರ್ಡ್ ಬರೀ ಕಬ್ಬಿಣ. ಅದರ ಮೇಲೆ ಎರಡು ತೂತು, ನಡುವೆ ಅಂಗೈಯಗಲದ ಬಣ್ಣ ಮಾತ್ರ ಬಿಸಿಲೇ ಕಾಣದಂತೆ ಹೊಸದಾಗಿತ್ತು. ರಬ್ಬರ್ ಚಾಪೆಯಡಿ ಹಿತ್ತಾಳೆಯ ಚೂರೊಂದು ಸಿಕ್ಕಿತು. ಬಾಯಿ ಅದನ್ನು ಸೆರಗಿಗೆ ಕಟ್ಟಿಕೊಂಡರು.

ಬಾಯಿ ಹೇಳಿಕಳಿಸಿದ್ದಕ್ಕೆ ಸಂಜೆ ಫೌಜದಾರರು ಖಾಸಿಂನನ್ನು ಕರೆದುಕೊಂಡೇ ಅಲ್ಲಿಗೆ ಬಂದರು.

"ವಿಭೂತಿ ಹಚ್ಚೋ ಈರಯ್ಯನ ಹಣಿಗೆ ಗಂಧ ಎಲ್ಲಿಂದ ಬಂತು?" ಎಂದರು ಬಾಯಿ. "ಗಂಧ ಹಚ್ಚಿಸಿಕೊಂಡ ವಸ್ತುವಿನಿಂದ. ವಾದಿರಾಜರೇ, ದಿನಾ ಮುಂಜಾನಿ ಕಾರಿನ್ಯಾಗ ಯಾರಿಗೆ ಗಂಧ ಏರಸ್ತಿದ್ರಿ?" ಎನ್ನುತ್ತ ಚೂರನ್ನು ಮುಂದಿಟ್ಟರು.

ವಾದಿರಾಜರು ಚೂರನ್ನು ಕೈಗೆತ್ತಿಕೊಂಡರು. "ಗರುಡಗ... ಅದು ಅವನ ರೆಕ್ಕಿ. ಗಾಡಿ ಕುಲುಕಿ ಮುರೀತು ಅಂದ್ಕೊಂಡೆ. ಭಿನ್ನಾದ ಮೂರ್ತಿ ಇಟ್ಕೋಬಾರದಲ್ರೀ? ನಿನ್ನೆ ಸಂಜಿಗೇ ದೇವಸುಗೂರಿಗೆ ಹೋಗಿ ಕೃಷ್ಣಾ ತಾಯಿಗೆ ಒಪ್ಪಿಸಿ ಬಂದೆ. ಸಾಕ್ಷಿ ಮುಳುಗಸಾಕತ್ತೀನಿ ಅಂತ ಹೊಳೀಲೇ ಇಲ್ಲ!"

"ಗಿಡ ಈರಯ್ಯಗ ಮುಟ್ಟೇ ಇಲ್ಲ," ಎಂದರು ಬಾಯಿ. "ಕಾರು ನಿಂತಿತು, ಅವನ ಮೈ ನಿಲ್ಲಲಿಲ್ಲ. ಖಾಸಿಂಗ ಸ್ಟೀರಿಂಗ್ ಆಸರ ಇತ್ತು. ಈರಯ್ಯನ ಎದುರಿಗಿದ್ದದ್ದು ಬೋಲ್ಟು ಬಿಗಿದ ಚೂಪು ರೆಕ್ಕಿ. ಜಗಳ ಯಾತಕ್ಕಪಾ ಖಾಸಿಂ?"

"ಹೊತ್ತಾತು, ಗಾಡಿ ಲಗೂ ಹೊಡಿ ಅಂದ, ನಾ ಒಲ್ಲೆ ಅಂದೆ."

"ಅದಕ್ಕೇ ಅವನ ಜೀವ ಉಳೀತು. ರೆಕ್ಕಿ ಬಡಿದದ್ದನ್ನ ಮೊದಲೇ ಬಾಯಿಬಿಟ್ಟು ಹೇಳಬಾರದೇನೋ?"

ಖಾಸಿಂ ತಲೆ ತಗ್ಗಿಸಿದ. "ನಿಮ್ಮ ದೇವರು ಹೊಡದ ಅಂತ ನಾ ಹ್ಯಾಂಗ ಹೇಳ್ಲಿ, ಬಾಯೀ?"

ವಾದಿರಾಜರು ಎದ್ದು ಬಂದು ಅವನ ಕೈ ಹಿಡಿದರು.

"ದೇವರು ಯಾರಿಗೂ ಹೊಡೆಯಂಗಿಲ್ಲಪಾ," ಎಂದರು ಬಾಯಿ ಮೆಲ್ಲಗೆ. "ಅವನನ್ನ ಎಲ್ಲಿ ಕೂಡಸಬೇಕು ಅನ್ನೋದು ನಮಗ ತಿಳೀಲಿಲ್ಲ."

ಫೌಜದಾರರು ಖಾಸಿಂನನ್ನು ಅಲ್ಲೇ ಬಿಟ್ಟುಕೊಟ್ಟರು.

ದಸರೆಯ ಹೊತ್ತಿಗೆ ಆ ಕಾರು ನಮ್ಮ ಓಣಿಗೆ ಬಂತು. ಡ್ಯಾಶ್‌ಬೋರ್ಡಿನ ಕಬ್ಬಿಣದ ತುಂಬ ಮುನವ್ವರ್ ಬೀ ಅರಳೆ ತುಂಬಿ ಹೊಲಿದ ಕೌದಿ; ಅದರ ಮೇಲೆ ಕಾಗದದ ಪುಟ್ಟ ಗರುಡ. ಹಣೆಯ ಕಲೆಗೆ ವಿಭೂತಿ ಬಳಿದುಕೊಂಡ ಈರಯ್ಯ ಕೌದಿಯನ್ನು ಅಂಗೈಯಿಂದ ಒತ್ತಿ ನೋಡಿ, ಮುಂದಿನ ಸೀಟಿನಲ್ಲೇ ಕೂತ.

"ಹೊಂಡೋಣೇನ್ರೀ?" ಎಂದ ಖಾಸಿಂ.

"ಹೂಂ. ಸಾವಕಾಶ ಹೊಡಿಯಪಾ."