ದಾದಿ ಓದಿದ ಜಾಲಿಮುಳ್ಳ

ಮಂಚದ ಕೆಳಗಿನಿಂದ ಮತ್ತೆ ಕಿಸಕ್ಕನೆ ನಗು ಬಂತು.

“ಏ ಮೆಹನಾಜ, ಕೆಳಗ ಏನ್ ಮಾಡಾಕತ್ತಿ?” ಮಂಚದ ಮೇಲೆ ಕುಳಿತಿದ್ದ ಅಜ್ಜಿ, ಜೈತುನಬಿ ದಾದಿ, ಬಗ್ಗಿ ಕೇಳಿದರು.

“ಓದಾಕತ್ತೇನಿ ದಾದಿ.”

“ಓದಿದ್ರ ಇಷ್ಟ ನಗು ಬರ್ತೈತೇನ? ನಿಮ್ಮಪ್ಪಗ ಓದು ಅಂದ್ರ ಬರೇ ಅಳು ಬರ್ತಿತ್ತು.”

ಉತ್ತರ ಕೊಡಲು ಮೆಹನಾಜಳಿಗೆ ಪುರುಸೊತ್ತು ಎಲ್ಲಿ? ಅವಳ ಕೈಯಲ್ಲಿದ್ದದ್ದು ‘ಏಳು ಲೋಕದ ಜಾಲಿಮುಳ್ಳ’ ಎಂಬ ದಪ್ಪ ಕಾಮಿಕ್ಸ್. ಜಾಲಿಮುಳ್ಳ ಅಂದರೆ ಕರಿ ಕೋಟಿನ ಸೂಪರ್‌ಹೀರೋ. ಪೂರಾ ಹೀರೋ ಅನ್ನುವ ಹಾಗೂ ಇಲ್ಲ. ಕಳ್ಳರನ್ನು ಹಿಡಿಯುತ್ತಾನೆ, ಹಿಡಿದ ಮೇಲೆ ಅವರ ಜೇಬಿನ ಪೆಪ್ಪರಮಿಂಟು ತಾನೇ ತಿನ್ನುತ್ತಾನೆ. ಯಾರನ್ನೂ ಏನನ್ನೂ ಕೇಳುವವನಲ್ಲ. ಬೇಕಾದ್ದನ್ನು ಎತ್ತಿಕೊಂಡು ಹೋಗುತ್ತಾನೆ.

ಈ ಪುಸ್ತಕದಲ್ಲಿ ಲೋಕಕ್ಕೊಬ್ಬ ಜಾಲಿಮುಳ್ಳ. ಒಂದು ಲೋಕದಲ್ಲಿ ಅವನು ಹಲ್ಲಿಲ್ಲದ ಮುದುಕಿ. ಕಡಕ್ ರೊಟ್ಟಿ ಬೀಸಿ ಒಗೆದು ದರೋಡೆಕೋರರ ಹಲ್ಲು ಮುರಿಯುತ್ತಾಳೆ. ಇನ್ನೊಂದರಲ್ಲಿ ಕೋಟು ತೊಟ್ಟ ಟಗರು. ಮತ್ತೊಂದರಲ್ಲಿ ಬಸ್ ಕಂಡಕ್ಟರ್. ಅವನು ಸೀಟಿ ಊದಿದರೆ ಓಡುವ ಕಳ್ಳರೆಲ್ಲ ನಿಂತು, ಟಿಕೆಟ್ ತೆಗೆಸಿ, ಸಾಲಾಗಿ ಪೊಲೀಸ್ ಜೀಪು ಹತ್ತುತ್ತಾರೆ. ಆರು ಲೋಕ ಮುಗಿದವು. ಇನ್ನೊಂದೇ ಬಾಕಿ. ಮೆಹನಾಜಳ ಎದೆ ಡವಡವ ಅನ್ನುತ್ತಿತ್ತು.

ಎದೆ ಹಾಗೆ ಹೊಡೆದುಕೊಳ್ಳಲು ಬೇರೆ ಕಾರಣವೂ ಇತ್ತು. ಪುಸ್ತಕ ಅವಳದಲ್ಲ, ಅವಳ ಗೆಳತಿ ಭುವನೇಶ್ವರಿಯದು. ಸಿಂದಗಿಯ ಯಾವ ಅಂಗಡಿಯಲ್ಲೂ ಸಿಗದ ಅದನ್ನು ಭುವಿಯ ಕಾಕಾ ವಿಜಯಪುರದಿಂದ ತಂದಿದ್ದರು.

“ಕಡೀ ಲೋಕದ್ದು ನಾನೂ ಇನ್ನಾ ಓದಿಲ್ಲ,” ಎಂದು ಭುವಿ ಬೆಳಿಗ್ಗೆ ಶಾಲೆಯಲ್ಲಿ ಹೇಳಿದ್ದಳು. “ಇವತ್ತ ಓದತೇನಿ. ಸೋಮವಾರ ನಿನಗ ಕೊಡ್ತೇನಿ.”

ಶನಿವಾರದ ದಿನ ಸೋಮವಾರ ಎಷ್ಟು ದೂರ ಕಾಣುತ್ತದೆ ಅಂತ ಕಾಮಿಕ್ಸ್ ಓದುವವರಿಗೇ ಗೊತ್ತು. ಭುವಿ ನೀರು ಕುಡಿಯಲು ಹೋದಾಗ ಪುಸ್ತಕ ಮೆಹನಾಜಳ ಪಾಟೀಚೀಲ ಸೇರಿತು. ಜಾಲಿಮುಳ್ಳ ಏನು ಕೇಳಿ ತಗೊಳ್ತಾನಾ? ಓದಿ ವಾಪಸ್ ಇಟ್ಟರಾಯಿತು ಅಂದುಕೊಂಡಿದ್ದಳು.

“ಮೆಹನಾಜ, ಗಿರಣಿಗೆ ಹೋಗಿ ಹಿಟ್ಟ ತಗೊಂಡ ಬಾ,” ಒಳಗಿನಿಂದ ಅಮ್ಮಿ ಕೂಗಿದರು.

ಪುಸ್ತಕವನ್ನು ಅಲ್ಲೇ ಬಿಟ್ಟು ಓಡಿದಳು. ಬಿಸಿ ಬಿಸಿ ಜೋಳದ ಹಿಟ್ಟಿನ ಡಬ್ಬಿ ಹೊತ್ತು ಮರಳಿದಾಗ ಪುಸ್ತಕ ದಾದಿಯ ತೊಡೆಯ ಮೇಲಿತ್ತು. ದಾದಿ ಕಣ್ಣೀರು ಬರುವ ಹಾಗೆ ನಗುತ್ತಿದ್ದರು.

“ಏಳನೇದು ನಾ ಇನ್ನಾ ಓದಿಲ್ಲ ದಾದಿ, ಹೇಳಬ್ಯಾಡ,” ಅಂದಳು ಮೆಹನಾಜ.

ದಾದಿ ಕೇಳಬೇಕಲ್ಲ. “ಭಾಳ ಚಲೋ ಹುಡುಗ ಅದಾನ ಇಂವಾ. ಮೊದಲ ಪಾಪ ಜೇಲಿನ್ಯಾಗ ಇದ್ದ. ಪೊಲೀಸರು ಬಿಟ್ಟರು. ಬಜಾರಕ್ಕ ಬಂದು ಕೆಳಗ ಬಿದ್ದ ಬುಟ್ಟಿ ಎಲ್ಲಾ ನೆಟ್ಟಗ ಇಟ್ಟ. ಕಡೀಕ ಒಂದ ಹುಡುಗಿ ಚೀಲ ಆಕಿಗೆ ಕೊಟ್ಟ. ನೋಡಿಲ್ಲೆ.”

ಮೆಹನಾಜಳಿಗೆ ನಗು ತಡೆಯಲಾಗಲಿಲ್ಲ. ದಾದಿಗೆ ಓದಲು ಬರುವುದು ಉರ್ದು ಮಾತ್ರ. ಉರ್ದು ಪುಸ್ತಕ ಶುರುವಾಗುವುದು ಕನ್ನಡ ಪುಸ್ತಕ ಮುಗಿಯುವ ಕಡೆಯಿಂದ. ದಾದಿ ಕೊನೆಯ ಪುಟದಿಂದ ಚಿತ್ರ ನೋಡುತ್ತ ಹಿಂದಕ್ಕೆ ಬಂದಿದ್ದರು.

“ನೀ ಉಲ್ಟಾ ನೋಡೀದಿ ದಾದಿ. ಅಂವಾ ಮೊದಲ ಚೀಲ ಕಸಗೊಂಡ ಓಡ್ತಾನ. ಬುಟ್ಟಿ ಕೆಡವತಾನ. ಆಮ್ಯಾಗ ಜೇಲಿಗೆ ಹೋಗ್ತಾನ.”

“ಕಸಗೊಳ್ಳಾಕತ್ತಾನ ಅಂತ ಎಲ್ಲೈತಿ? ನೀನ ನೋಡು.”

ಮೆಹನಾಜ ನೋಡಿದಳು. ಚೀಲದ ಒಂದು ಕಡೆ ಹುಡುಗಿಯ ಕೈ, ಇನ್ನೊಂದು ಕಡೆ ಜಾಲಿಮುಳ್ಳನ ಕೈ. ಹುಡುಗಿ ಬಾಯಿ ತೆರೆದಿದ್ದಳು. ಕೂಗುತ್ತಿರಬಹುದು, ನಗುತ್ತಿರಲೂಬಹುದು. ಕಸಿಯುವ ಕೈಯೂ ಕೊಡುವ ಕೈಯೂ ಒಂದೇ ತರಹ ಇದ್ದವು.

“ಅಂದಂಗ, ಈ ಕಿತಾಬ ಯಾರ್ದು?”

“ಭುವೀದು. ಆಕೀನ ಕೊಟ್ಟಾಳ.” ಸುಳ್ಳು ಸರಾಗವಾಗಿ ಬಂತು.

“ಚಲೋ ಹುಡುಗಿ,” ಅಂದರು ದಾದಿ. “ತಾ ಎಲ್ಲಾ ಓದಿ ಮುಗಿಸಿ ಕೊಟ್ಟಿರಬೇಕು.”

ಮೆಹನಾಜಳಿಗೆ ಬಹಳ ನಾಚಿಕೆಯಾಯಿತು. ಏಳನೆಯ ಲೋಕ ಅಲ್ಲೇ ತೆರೆದು ಬಿದ್ದಿತ್ತು, ಓದಲು ಮನಸ್ಸಾಗಲಿಲ್ಲ. ಪುಸ್ತಕ ಮುಚ್ಚಿ ಎದೆಗೆ ಅವುಚಿಕೊಂಡು ಹೊರಗೆ ಓಡಿದಳು.

ಭುವಿ ಮನೆಯ ಕಟ್ಟೆಯ ಮೇಲೆ ಪಾಟೀಚೀಲ ಸುರುವಿಕೊಂಡು ಕುಳಿತಿದ್ದಳು. ಕಣ್ಣು ಕೆಂಪಾಗಿದ್ದವು.

“ತಗೋ,” ಅಂದಳು ಮೆಹನಾಜ. “ನಿನಗ ಕೇಳಲಾರದ ನಾನ ಒಯ್ದಿದ್ದೆ.”

ಭುವಿ ಪುಸ್ತಕವನ್ನು ಜಗ್ಗಿ ಕಸಿದುಕೊಂಡಳು. “ನಿನ್ನ ಕೂಡ ಮಾತಾಡಂಗಿಲ್ಲ ನಾ. ಏಳನೇದು ಓದಿದಿ ಹೌದಿಲ್ಲ?”

“ನಾ ಓದಿಲ್ಲ. ದಾದಿ ನೋಡ್ಯಾರ. ಅದೂ ಉಲ್ಟಾ.”

ಭುವಿ ಮುಖ ತಿರುಗಿಸಿ ಪುಸ್ತಕ ತೆರೆದಳು. ಒಂದು ಪುಟ ನೋಡಿದಳು. ಮಾತಾಡಬಾರದು ಅಂತ ಬಾಯಿ ಬಿಗಿಹಿಡಿದಳು, ಆಗಲಿಲ್ಲ.

“ಉಲ್ಟಾ ಅಂದ್ರ ಹೆಂಗ?”

“ಹಿಂದಿಂದ. ಜೇಲಿನಿಂದ ಶುರು ಮಾಡಬೇಕು.”

ಭುವಿ ಚೆಲ್ಲಿದ ನೋಟುಬುಕ್ಕುಗಳನ್ನು ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿದಳು. ಇಬ್ಬರೂ ಕೊನೆಯ ಪುಟದಿಂದ ಹಿಂದಕ್ಕೆ ಹೊರಟರು. ಪೊಲೀಸರು ಜಾಲಿಮುಳ್ಳನನ್ನು ಬಿಟ್ಟರು. ಚೆಲ್ಲಿದ ಟೊಮ್ಯಾಟೊ ಹಾರಿ ಹಾರಿ ಬುಟ್ಟಿ ಸೇರಿದವು. ಭುವಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಚೀಲದ ಚಿತ್ರ ಬಂದಾಗ ಮೆಹನಾಜ ಪುಟ ತಿರುವುವುದನ್ನು ನಿಲ್ಲಿಸಿದಳು. ಭುವಿ ಏನನ್ನುತ್ತಾಳೋ ಎಂದು ಕಾದಳು.

ಭುವಿ ಆ ಎರಡು ಕೈಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೆಹನಾಜಳ ಕಡೆಗೂ ಒಮ್ಮೆ ನೋಡಿದಳು.

“ಕೊಡಾಕತ್ತಾನ,” ಅಂದಳು.