ದೇವರಮನೆ ಮೇಲಿನ ಪೈಪು

ಸಾಫ್ಟ್‌ವೇರ್ ಮಾರಲು ಬಂದಿದ್ದ ವೀರೇಶ್ ಕಾಫಿ ಲೋಟ ಮುಂದಿಟ್ಟ. ಹಿಂದಿನ ಡೆಮೊಗಳಲ್ಲಿ ಮಾಡಿದ ಹಾಗೆ ಈ ಸಲವೂ ಅದನ್ನು ಪಕ್ಕಕ್ಕೆ ಸರಿಸಿದೆ.

“ಸಾಫ್ಟ್‌ವೇರ್ ಫೈನಲ್ ಆಗೋವರೆಗೂ ವೆಂಡರ್ ಕಾಫಿ ಕುಡಿಯಲ್ಲ ಕಣ್ರೀ.”

“ಇದು ನಿಮ್ಮ ಆಫೀಸ್ ಕಾಫಿನೇ, ಹೇಮಲತಾ ಮೇಡಂ.”

“ತಂದವರು ನೀವಲ್ವಾ?”

ನಕ್ಕ. ನಗುವಾಗ ಅವನ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ನೋಡಬಾರದೆಂದೇ ಲ್ಯಾಪ್‌ಟಾಪಿನತ್ತ ತಿರುಗಿದೆ.

ವೈಟ್‌ಫೀಲ್ಡಿನ ಈ ಕಚೇರಿಯಲ್ಲಿ ಅಪಾರ್ಟ್‌ಮೆಂಟುಗಳ ಪ್ಲಂಬಿಂಗ್ ಡಿಸೈನ್ ಮಾಡುವವಳು ನಾನು. ಹಳೇ ಸಾಫ್ಟ್‌ವೇರ್ ನಂಬಿ ಮಹದೇವಪುರದಲ್ಲಿ ಒಂದು ಎಡವಟ್ಟಾಗಿತ್ತು. ಮೇಲಿನ ಮನೆಯ ಟಾಯ್ಲೆಟ್ ಪೈಪು ಕೆಳಗಿನವರ ದೇವರಮನೆ ಮೇಲೇ ಹಾದುಹೋಗಿತ್ತು. ದೀಪ ಹಚ್ಚುವಾಗೆಲ್ಲ ನೆತ್ತಿಯ ಮೇಲೆ ಫ್ಲಶ್ ಸದ್ದು. ಆ ಮನೆಯ ಮಹಾಂತಮ್ಮ ಸೀದಾ ಆಫೀಸಿಗೇ ಬಂದು ನನ್ನ ನೀರಿಳಿಸಿದರು. ಹೊಸ ಸಾಫ್ಟ್‌ವೇರ್ ಆರಿಸುವ ಹೊಣೆ ಈಗ ನನ್ನದೇ. ಮತ್ತೆ ಹಾಗಾದರೆ ಡಿಸೈನ್ ಕೆಲಸವೇ ಕೈತಪ್ಪುತ್ತದೆ.

ಅದಕ್ಕೇ ಡೆಮೊ ಕೊಡಲು ಬಂದವರಿಗೆಲ್ಲ ಆ ಮಹದೇವಪುರದ ಡ್ರಾಯಿಂಗನ್ನೇ ಕೊಡುತ್ತಿದ್ದೆ. ಪೈಪು ಬೀಮಿಗೆ ತಾಗಿದರೆ ಎಲ್ಲ ಸಾಫ್ಟ್‌ವೇರುಗಳೂ ಕೆಂಪು ತೋರಿಸುತ್ತಿದ್ದವು. ದೇವರಮನೆ ಮೇಲೆ ಹೋದರೆ ಒಂದೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

“ಇವತ್ತು ನೋಡಿ,” ಎಂದ ವೀರೇಶ್. ಡ್ರಾಯಿಂಗಿನಲ್ಲಿ ಖಾಲಿ ದೇವರಮನೆಯನ್ನು ನೆಲದಿಂದ ಚಾವಣಿವರೆಗೆ ಗಟ್ಟಿ ಗೋಡೆಯ ಹಾಗೆ ತುಂಬಿಸಿದ್ದ. ಪೈಪು ಅದಕ್ಕೆ ಡಿಕ್ಕಿ ಹೊಡೆದು ಕೆಂಪಾಯಿತು. ನನಗೆ ಕುಣಿಯುವಷ್ಟು ಖುಷಿಯಾಯಿತು.

“ಆದ್ರೆ ನಮ್ದು ತಗೋಬೇಡಿ,” ಎಂದ.

“ಯಾಕೆ?”

“ಈ ಉಪಾಯ ನೀವು ನೋಡಿರೋ ಇನ್ನೊಂದು ಕಂಪನಿ ಸಾಫ್ಟ್‌ವೇರಲ್ಲೂ ನಡಿಯತ್ತೆ. ಅದ್ರಲ್ಲಿ ಪೈಪಿನ ಇಳಿಜಾರು ತಪ್ಪಲ್ಲ. ನಮ್ದ್ರಲ್ಲಿ ತಪ್ಪತ್ತೆ, ನೀರು ನಿಲ್ಲತ್ತೆ.”

“ತಲೆ ಕೆಟ್ಟಿದ್ಯೇನ್ರೀ? ಮಾರೋಕೆ ಬಂದವರು ಹೀಗಂತಾರಾ?”

“ಟಾರ್ಗೆಟ್ ಹೋದ್ರೆ ಹೋಗ್ಲಿ. ನಿಮ್ಮನ್ನ ಮತ್ತೆ ಯಾರಾದ್ರೂ ಬೈದ್ರೆ ನಂಗೆ ತಡ್ಕೊಳ್ಳಕ್ಕಾಗಲ್ಲ.” ಈ ಸಲ ಅವನು ನಗಲಿಲ್ಲ. “ನೀವಂದ್ರೆ ನಂಗೆ ತುಂಬಾ ಇಷ್ಟ.”

ಕಿವಿ ಬಿಸಿಯಾಯಿತು. ಆದರೂ ಬಾಯಿಮಾತು ನಂಬಿ ಬಿಡುವವಳಲ್ಲ ನಾನು. ಎರಡರಲ್ಲೂ ನಾನೇ ಪೈಪು ಎಳೆದು ನೋಡಿದೆ. ಅವನು ಹೇಳಿದ್ದು ನಿಜ. ಅವನೆದುರಿಗೇ ಇನ್ನೊಂದರ ಹೆಸರನ್ನು ಮ್ಯಾನೇಜರಿಗೆ ಮೇಲ್ ಮಾಡಿದೆ.

“ಇನ್ನು ನೀವು ನಮಗೆ ವೆಂಡರ್ ಅಲ್ಲ.”

“ಅಲ್ಲ,” ಎಂದ, ಮುಖ ಸಣ್ಣದು ಮಾಡಿಕೊಂಡು.

ಪಕ್ಕಕ್ಕಿಟ್ಟಿದ್ದ ಲೋಟ ಎಳೆದುಕೊಂಡು, ಆರಿಹೋಗಿದ್ದ ಕಾಫಿಯನ್ನು ಪೂರ್ತಿ ಕುಡಿದೆ.

ಕೆನ್ನೆಯ ಗುಳಿ ವಾಪಸ್ ಬಂತು. “ಒಂದ್ ಮಾತು ಕೇಳ್ಲಾ? ನಿಮ್ಮನೇಲಿ ದೇವರಮನೆ ಯಾವ ಕಡೆ ಇರಬೇಕು?”

“‘ನಮ್ಮನೇಲಿ’ ಅಂತ ಕೇಳಿ, ಹೇಳ್ತೀನಿ.”

ಕೇಳಿದ. ಆ ಮನೆಯನ್ನು ಯಾವ ಸಾಫ್ಟ್‌ವೇರೂ ಇಲ್ಲದೆ ಪೆನ್ಸಿಲಿನಲ್ಲೇ ಬರೆದು ತೋರಿಸಿದೆ.