ಆಷಾಢದಲ್ಲೊಂದು ಹೆಲ್ಮೆಟ್ಟು

"ಸುಮ್ನೆ ಒಂದು ರೌಂಡು ಕಣಮ್ಮ, ಧನುಶ್ರೀ ಜೊತೆ. ಕತ್ತಲಾಗೋದ್ರೊಳಗೆ ಬಂದ್ಬುಡ್ತೀನಿ" ಅಂತ ಅಮ್ಮನಿಗೆ ಹೇಳಿ ಹೊರಟೆ.

ಅರ್ಧ ನಿಜ. ಗೆಳತಿ ಧನುಶ್ರೀ ತನ್ನ ಸ್ಕೂಟಿಯಲ್ಲಿ ಕುವೆಂಪುನಗರದ ಪಾರ್ಕಿನವರೆಗೆ ಬಿಟ್ಟು, ಕಣ್ಣು ಹೊಡೆದು ಹೋದಳು. ಅಲ್ಲಿ ಹೊಂಗೆ ಮರದ ಕೆಳಗೆ ಯೆಜ್ಡಿ ಬೈಕ್ ಮೇಲೆ ಹೆಲ್ಮೆಟ್ ಹಾಕಿಕೊಂಡು ಒಬ್ಬರು ಕಾಯುತ್ತಿದ್ದರು.

ಏನೇನೋ ಅಂದ್ಕೋಬೇಡಿ. ಅವರು ನನಗೆ ತಾಳಿ ಕಟ್ಟಿದ ಗಂಡ, ಚಂದ್ರಮೌಳಿ.

ಗಂಡನ ಜೊತೆ ಹೋಗೋಕೆ ಯಾಕೆ ಕಳ್ಳತನ ಅಂದರೆ, ಆಷಾಢ. ವೈಶಾಖದಲ್ಲಿ ಮದುವೆಯಾದ ಹುಡುಗಿ ಆಷಾಢ ಪೂರ್ತಿ ತವರಲ್ಲೇ ಇರಬೇಕು. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಅಳಿಯ ಮಾವನ ಮನೆ ಕಡೆ ತಲೆ ಹಾಕಬಾರದು. ನಮ್ಮ ವಂಶದಲ್ಲಿ ಈ ಶಾಸ್ತ್ರಕ್ಕೆಲ್ಲ ಕಾವಲು ನಮ್ಮ ದೊಡ್ಡಪ್ಪ ಏಕಾಂತಯ್ಯ. ಅಪ್ಪ ಕೂಡ ಅವರಿಗೆ ಎದುರಾಡಲ್ಲ.

ತವರಲ್ಲಾದರೂ ಹಾಯಾಗಿದ್ದೆನಾ? ಎಲ್ಲಿ. ಗೇಟಿನ ಹತ್ತಿರ ನಿಂತರೆ "ಹೊಸ ಹೆಣ್ಣು ಹಂಗೆಲ್ಲ ನಿಲ್ಬಾರ್ದು" ಅಂತ ಅಮ್ಮ. ಇನ್ನು ಕುಂಬಾರಕೊಪ್ಪಲಿನ ಗಂಡನ ಮನೆ ಕಥೆ ಬೇರೆ. ನಮ್ಮಿಬ್ಬರಿಗೆ ಅಂತ ಕೊಟ್ಟ ಕೋಣೆಗೆ ಎರಡು ಬಾಗಿಲು. ಒಂದು ಹಾಲಿಗೆ, ಇನ್ನೊಂದು ಅಡುಗೆಮನೆಗೆ. ಅಡುಗೆಮನೆಗೆ ಹೋಗೋಕೆ ಬೇರೆ ದಾರಿಯೇ ಇರಲಿಲ್ಲ. ನೀರು ಬಂತು ಅಂತ ನಾದಿನಿಯರು, ಹಾಲು ಉಕ್ಕುತ್ತೆ ಅಂತ ಅತ್ತೆ ಪುಟ್ಟಬಸಮ್ಮ, ಎಲ್ಲರೂ ನಮ್ಮ ಹಾಸಿಗೆ ದಾಟಿಕೊಂಡೇ ಓಡಾಡೋರು. ಕೆಟ್ಟವರಲ್ಲ ಪಾಪ. ಆದರೆ ಅಲ್ಲಿ ಉಸಿರು ಬಿಡೋಕೂ ನನಗೆ ಸಂಕೋಚ.

ಈ ಮನುಷ್ಯನೋ, ಬಾಯೇ ಬಿಡುತ್ತಿರಲಿಲ್ಲ. "ಇಲ್ ಕೇಳು", "ಹೂಂ", "ಊಟ ಆಯ್ತಾ", ಅಷ್ಟೇ. ನನ್ನ ಹೆಸರು ಒಂದು ಸಲ ಕರೆದಿದ್ದರೆ ಕೇಳಿ. ತಾಯಿ ಬಲವಂತಕ್ಕೆ ಕಟ್ಟಿಕೊಂಡರೇನೋ ಅನ್ನೋ ಹುಳ ತಲೆಯಲ್ಲಿ ಹೊಕ್ಕು ಕೂತಿತ್ತು. ಶ್ರಾವಣ ಬಂದರೆ ಆ ಕೋಣೆಗೆ ವಾಪಸ್ ಹೋಗಬೇಕು. ನಾನು ಬೇಡದೋಳಾಗಿದ್ದರೆ ಹೋಗಲ್ಲ ಅಂತ ಒಳಗೊಳಗೇ ತೀರ್ಮಾನ ಮಾಡಿದ್ದೆ.

ಅಷ್ಟರಲ್ಲಿ ಇವರು ಎಸ್‌ಟಿಡಿ ಬೂತಿಂದ ಧನುಶ್ರೀ ಮನೆಗೆ ಫೋನ್ ಮಾಡಿ, "ಮಳೆಗಾಲ ಶುರುವಾಯ್ತು, ಗಾಡಿ ಸರ್ವೀಸ್ ಮಾಡಿಸಿದೀನಿ, ಒಂದು ರೈಡ್ ಬರ್ತಾಳಾ ಕೇಳಿ" ಅಂದರಂತೆ. ನನ್ನನ್ನು ಕರೆಯೋಕೂ ನಡುವೆ ಒಬ್ಬರು ಬೇಕು ನೋಡಿ.

ನಂಜನಗೂಡು ರೋಡು. ಹಸಿ ಮಣ್ಣಿನ ವಾಸನೆ, ತಣ್ಣನೆ ಗಾಳಿ. ನಾನು ಒಂದೇ ಕಡೆ ಕಾಲು ಹಾಕಿ, ಸೀಟಿನ ಹಿಂದಿನ ಕಂಬಿ ಹಿಡಿದು ಕೂತಿದ್ದೆ. ಅವರ ಭುಜ ಅಲ್ಲೇ ಇತ್ತು. ಮುಟ್ಟೋಕೆ ಧೈರ್ಯ ಬರಲಿಲ್ಲ. ಆಕ್ಸಿಲರೇಟರ್ ಹಿಡಿದ ಕೈ ನೋಡಿದೆ. ಉಗುರಿನ ಸಂದಿಯಲ್ಲೆಲ್ಲ ಬೂದು ಬಣ್ಣದ ಕೊಳೆ. ಹೆಂಡತಿಯನ್ನ ಕರಕೊಂಡು ಹೋಗೋನು ಕೈ ತೊಳೆದುಕೊಳ್ಳಬಾರದಾ ಅಂತ ರೇಗಿತು.

ದಾರಿಯುದ್ದಕ್ಕೂ ಒಂದು ಮಾತಿಲ್ಲ. ಮಂಡಕಳ್ಳಿ ಹತ್ತಿರ ಮಳೆ ಹಿಡಿದುಕೊಂಡಿತು. ಓಡಿ ಬಸ್ ಸ್ಟಾಪಿಗೆ ನುಗ್ಗಿದೆವು. ಅವರು ಹೆಲ್ಮೆಟ್ಟಿನ ಗ್ಲಾಸು ಮಾತ್ರ ಮೇಲೆತ್ತಿ, "ನಿನ್ನ ಹತ್ರ ಒಂದು ವಿಷ್ಯ" ಅಂದರು.

ಅದೇ ಹೊತ್ತಿಗೆ ಒಂದು ಬಜಾಜ್ ಸ್ಕೂಟರ್ ಬಂದು ನಿಂತಿತು. ಇಳಿದವರು ಸಾಕ್ಷಾತ್ ಏಕಾಂತಯ್ಯ.

ಗ್ಲಾಸು ಟಪ್ ಅಂತ ಕೆಳಗೆ ಬಿತ್ತು. ನಮ್ಮೆಜಮಾನರು ಬೆಂಚಿನ ಆ ತುದಿಗೆ ಸರಿದು, ಯಾರೋ ದಾರಿಹೋಕರ ಥರ ರಸ್ತೆ ನೋಡತೊಡಗಿದರು.

"ಏನ್ ಮಗ ನಿಶ್ಚಿ, ಇಲ್ಲಿ?"

"ಧನುಶ್ರೀ ಜೊತೆ ಬಂದೆ ದೊಡ್ಡಪ್ಪ. ಅವಳು ಪೆಟ್ರೋಲ್ ಹಾಕಿಸ್ಕೊಂಡು ಬರ್ತಾಳೆ."

ಯೆಜ್ಡಿ ಕಡೆ ಅವರ ಗಮನ ಹೋಗಲಿಲ್ಲ. ಆಗ ಮೈಸೂರಲ್ಲಿ ಪ್ರತಿ ಬೀದಿಗೂ ನಾಕು ಯೆಜ್ಡಿ. ಚೀಲದಿಂದ ಬೇಯಿಸಿದ ಕಡ್ಲೆಕಾಯಿ ತೆಗೆದು ನನಗೊಂದು ಹಿಡಿ ಕೊಟ್ಟರು, ಆ ಹೆಲ್ಮೆಟ್ಟಿಗೂ ಒಂದು ಹಿಡಿ. "ತಗೊಳಪ್ಪ. ಅದನ್ಯಾಕೆ ಇನ್ನೂ ತಲೆ ಮೇಲೆ ಇಟ್ಕಂಡಿದೀಯ?"

ಹೆಲ್ಮೆಟ್ಟು ದವಡೆ ಮುಟ್ಟಿ ತೋರಿಸಿತು. ಹಲ್ಲು ನೋವಂತೆ. ಕಡ್ಲೆಕಾಯಿ ಅಂಗೈಯಲ್ಲೇ ಉಳಿಯಿತು. ನನಗೆ ನಗು ಬಂತು, ಅಳುವೂ ಬಂತು.

"ಹೆಂಗಿದಾನೆ ನಮ್ಮ ಅಳಿಯ?" ದೊಡ್ಡಪ್ಪ ಸಿಪ್ಪೆ ಬಿಡಿಸುತ್ತಾ ಕೇಳಿದರು. "ಮೂಗನ ಥರ ಇರ್ತಾನಲ್ಲ. ಚೆನ್ನಾಗಿ ನೋಡ್ಕತಾನಾ?"

ಚೆನ್ನಾಗಿದ್ದಾರೆ ಅಂದುಬಿಡಬಹುದಿತ್ತು. ಅವರ ಹೆಲ್ಮೆಟ್ಟಿನ ಗ್ಲಾಸಿನಲ್ಲಿ ನನ್ನದೇ ಮುಖ ಕಾಣಿಸಿತು, ಚಿಕ್ಕದಾಗಿ, ಬೆಪ್ಪಾಗಿ. ಆಗ ತಡೆಯೋಕೆ ಆಗಲಿಲ್ಲ.

"ಗೊತ್ತಿಲ್ಲ ದೊಡ್ಡಪ್ಪ. ಬೈಯಲ್ಲ, ಹೊಡೆಯಲ್ಲ. ನನ್ನ ಹೆಸರೂ ಕರೆಯಲ್ಲ. ಅಲ್ಲಿ ನನಗೊಂದು ಬಾಗಿಲು ಹಾಕ್ಕೊಳ್ಳೋ ಹಾಗಿಲ್ಲ. ನಾನು ಬೇಕೋ ಬೇಡ್ವೋ ಅಂತ ಹೇಳಿದ್ರೆ ಸಾಕು. ಹೇಳದೇ ಹೋದ್ರೆ ಶ್ರಾವಣಕ್ಕೆ ನಾನು ಹೋಗಲ್ಲ." ಕೈಯಲ್ಲಿದ್ದ ಕಡ್ಲೆಕಾಯಿ ಬೆಂಚಿನ ಮೇಲಿಟ್ಟೆ. "ನನಗೆ ಅವರು ಇಷ್ಟ ದೊಡ್ಡಪ್ಪ. ಅದೇ ಕಷ್ಟ."

ದೊಡ್ಡಪ್ಪ ಕಡ್ಲೆಕಾಯಿ ಜಗಿಯೋದು ನಿಲ್ಲಿಸಿದರು. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು.

ಬೆಂಚಿನ ತುದಿಯಲ್ಲಿದ್ದವರು ಎದ್ದು ನಿಂತು ಹೆಲ್ಮೆಟ್ ತೆಗೆದರು. ಕೂದಲೆಲ್ಲ ಅಂಟಿಕೊಂಡಿತ್ತು, ಕಿವಿ ಕೆಂಪಗಾಗಿತ್ತು.

"ಮಾವ, ನಾನೇ. ತಪ್ಪಾಯ್ತು, ಬೈದ್ರೂ ಬೈಸ್ಕೋತೀನಿ." ಆಮೇಲೆ ನನ್ನ ಕಡೆ ತಿರುಗಿದರು. "ನಿಶ್ಚಿತಾ."

ಅಷ್ಟು ಮೆತ್ತಗೆ ನನ್ನ ಹೆಸರನ್ನ ಯಾರೂ ಕರೆದಿರಲಿಲ್ಲ.

"ಆ ಮನೇಲಿ ನಿನ್ನ ಹೆಸರು ಕರೆದ್ರೆ ನಿನಗಿಂತ ಮುಂಚೆ ಮೂರು ಜನ ಓಡಿ ಬರ್ತಾರೆ. ನಾಚಿಕೆ ಆಗೋದು. ನೀನು ಈ ಕಡೆ ಬಂದ ಮೇಲೆ ಅಮ್ಮನ್ನ ಒಪ್ಪಿಸಿದೀನಿ. ಅಡುಗೆಮನೆಗೆ ಹಿತ್ತಲ ಕಡೆಯಿಂದ ದಾರಿ ಮಾಡಿ, ಕೋಣೆಯ ಆ ಬಾಗಿಲಿಗೆ ಇಟ್ಟಿಗೆ ಕಟ್ತಾ ಇದೀನಿ. ಗಾರೆಯೋನು ಸಿಗ್ಲಿಲ್ಲ, ನಾನೇ ಕಟ್ತಿದೀನಿ. ಸೊಟ್ಟಗೆ ಬಂದಿದೆ. ಅದನ್ನೇ ಹೇಳೋಣ ಅಂತ ಕರೆದೆ. ಬೇಕು ನೀನು. ನೋಡೋಕೆ ಬಂದ ದಿನದಿಂದ ಬೇಕು."

ಉಗುರಿನ ಸಂದಿಯ ಆ ಬೂದು ಬಣ್ಣ ಸಿಮೆಂಟು. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ, ದೊಡ್ಡಪ್ಪ ಇದ್ದಾರೆ ಅನ್ನೋದೂ ಮರೆತು ಆ ಕೈ ಹಿಡಿದುಕೊಂಡೆ.

ದೊಡ್ಡಪ್ಪ ಕಾಲ ಕೆಳಗೆ ನೋಡಿದರು. ಬಸ್ ಸ್ಟಾಪಿನ ಸಿಮೆಂಟು ನೆಲ ನೇರ ರಸ್ತೆಯ ಕೆಸರಿಗೆ ಸೇರಿತ್ತು.

"ಶಾಸ್ತ್ರ ಇರೋದು ಹೊಸ್ತಿಲಿಗೆ" ಅಂದರು, ತಮಗೆ ತಾವೇ. "ಇಲ್ಲಿ ಎಲ್ಲಿದೆ ಹೊಸ್ತಿಲು." ಟವೆಲ್ ತಲೆಗೆ ಕಟ್ಟಿ, ಸ್ಕೂಟರಿಗೆ ಕಿಕ್ ಹೊಡೆದರು. "ಹಲ್ಲು ನೋವು ವಾಸಿ ಆಯ್ತಲ್ಲ, ಕಡ್ಲೆಕಾಯಿ ತಿನ್ನಪ್ಪ. ಕತ್ತಲಾಗೋದ್ರೊಳಗೆ ಬಿಟ್ಬುಡು ಅವಳನ್ನ."

ಮಳೆ ನಿಂತ ಮೇಲೆ ಹೊರಟೆವು. ನಮ್ಮ ಬೀದಿಯವರು ಗುರುತು ಹಿಡಿದರೆ ಕಷ್ಟ ಅಂತ ಹೆಲ್ಮೆಟ್ಟು ಈಗ ನನ್ನ ತಲೆ ಮೇಲಿತ್ತು. ಕಂಬಿ ಬಿಟ್ಟು ಅವರ ಭುಜ ಹಿಡಿದೆ.

"ನಿಶ್ಚಿತಾ" ಅಂದರು ಮುಂದಿನಿಂದ.

ಚೆನ್ನಾಗೇ ಕೇಳಿಸಿತು.

"ಏನೂ ಕೇಳಿಸ್ತಿಲ್ಲ ಕಣ್ರೀ" ಅಂದೆ. "ಇನ್ನೊಂದ್ಸಲ ಹೇಳಿ."